ತಾತನ ಗಿಟಾರಿನ ಹೆಸರು ಹುಡುಕಿದ್ದು

ತಾತನ ಗಿಟಾರು ಅಟ್ಟದಿಂದ ಇಳಿದಾಗ ಮನೆಯಲ್ಲಿ ಎಲ್ಲರದೂ ಒಂದೇ ಮಾತು: ‘ಅದು ಮಾರ್ಟಿನ್,’ ಅಂದರೆ ಅಮೆರಿಕದ ಹೆಸರಾಂತ ಗಿಟಾರ್ ಕಂಪನಿಯದು. ಯಾರು ಹೇಳಿದ್ದು ಅಂದರೆ ಯಾರಿಗೂ ನೆನಪಿಲ್ಲ. ಗಿಟಾರಿನ ತಲೆಯ (ಬಿರಡೆಗಳಿರುವ ತುದಿಯ) ಮೇಲೆ ಸವೆದ ಅಕ್ಷರಗಳ ಗುರುತಷ್ಟೇ ಇತ್ತು. ಏನೆಂದು ನೋಡುವ ಆತುರದಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದೆ. ಉಳಿದಿದ್ದ ಬಣ್ಣದಲ್ಲಿ ಅರ್ಧ ಬಟ್ಟೆಗೆ ಬಂತು. ಹಳೆಯ ವಾದ್ಯದ ಹೆಸರಿದ್ದ ಜಾಗವನ್ನು ಒರೆಸಬಾರದು ಎಂಬುದನ್ನು ಹೀಗೆ ಕಲಿತೆ.

ಆಮೇಲೆ ತಂತಿ ಸಡಿಲಿಸಿ, ನಡುವಿನ ದುಂಡು ಕಿಂಡಿಯೊಳಗೆ ಸಣ್ಣ ಕನ್ನಡಿ, ಟಾರ್ಚು ಇಳಿಸಿದೆ. ಮಾರ್ಟಿನ್ ಕಂಪನಿ 1898ರಿಂದ, 8000ದಿಂದ ಶುರುಮಾಡಿ, ಕತ್ತು ಕೂಡುವ ಒಳಗಿನ ದಿಮ್ಮಿಯ ಮೇಲೆ ಕ್ರಮಸಂಖ್ಯೆ ಒತ್ತುತ್ತಾ ಬಂದಿದೆ. ಇದರ ದಿಮ್ಮಿ ಬೋಳು. ಮೇಲ್ಹಲಗೆಗೆ ಬಲ ಕೊಡುವ ಅಡಿಯ ಪಟ್ಟಿಗಳೂ ಮಾರ್ಟಿನ್‌ಗಳಲ್ಲಿ ಸಾಮಾನ್ಯವಾಗಿರುವಂತೆ ಎಕ್ಸ್ ಆಕಾರದಲ್ಲಿರಲಿಲ್ಲ. ಏಣಿಯ ಮೆಟ್ಟಿಲಿನಂತೆ ಅಡ್ಡಡ್ಡ ಇದ್ದವು. ಏಣಿ ಪಟ್ಟಿ ಮಾಡುವುದು ಸುಲಭ, ಅಗ್ಗದ ಗಿಟಾರುಗಳಲ್ಲಿ ಅದೇ ಹೆಚ್ಚು. ಮಾರ್ಟಿನ್ ಕನಸು ಅಲ್ಲಿಗೇ ಮುಗಿಯಿತು. ನಿಜ ಹೇಳಬೇಕೆಂದರೆ ಒಂದು ದಿನ ಮುಖ ಊದಿಸಿಕೊಂಡಿದ್ದೆ.

ಅಂಚಿನ ಬಿಳಿ ಪಟ್ಟಿಯ ಮೇಲೆ ಉಗುರು ಎಳೆದೆ. ಎಲ್ಲೂ ತಡೆಯಲಿಲ್ಲ, ಪಟ್ಟಿ ಕೂರಿಸಿದ್ದಲ್ಲ, ಬಣ್ಣ ಬಳಿದದ್ದು. ಮೇಲ್ಹಲಗೆಯಲ್ಲಿ ಒಳ್ಳೆಯ ಗಿಟಾರುಗಳಿಗೆ ಬಳಸುವ ಸ್ಪ್ರೂಸ್ ಮರದ ನೇರ, ಒತ್ತೊತ್ತಾದ ಗೆರೆಗಳಿಲ್ಲ. ಅದು ಬರ್ಚ್ ಮರ. ತಂತಿ ಬಿಗಿಸುವ ಬಿರಡೆಗಳನ್ನು ಮಾತ್ರ ಬೇಗ ನಂಬಲಿಲ್ಲ, ಅವು ಬದಲಾಗಿರುವುದೇ ಹೆಚ್ಚು. ಸುತ್ತ ಖಾಲಿ ತಿರುಪಿನ ತೂತುಗಳಿಲ್ಲದ್ದು ನೋಡಿ ಮೂಲದವೇ ಇರಬೇಕು ಅಂದುಕೊಂಡೆ.

ಉತ್ತರ ಸಿಕ್ಕಿದ್ದು ಹಿಂಬದಿಯ ಹಲಗೆಯ ಒಳಮೈಯಲ್ಲಿ. ನೇರ ಬೆಳಕಿಗೆ ಬರೀ ಧೂಳು. ಟಾರ್ಚನ್ನು ಓರೆಯಾಗಿ ಹಿಡಿದು, ಫೋನಿನಲ್ಲಿ ಹತ್ತಾರು ಚಿತ್ರ ತೆಗೆದು ಹಿಗ್ಗಿಸಿದಾಗ ಮಸುಕಾದ ಎರಡು ಮುದ್ರೆ ಕಂಡವು: ‘ಎಚ್929’, ಇನ್ನೊಂದರ ಕೊನೆಗೆ ‘59’. ಎಚ್ ಎಂದರೆ ಷಿಕಾಗೊದ ಹಾರ್ಮನಿ ಕಂಪನಿ. ಅವರು ಮಾದರಿ ಸಂಖ್ಯೆಯನ್ನೂ ವರ್ಷವನ್ನೂ ಹೀಗೆ ಒಳಗೇ ಒತ್ತುತ್ತಿದ್ದರು. 929 ಎಂದರೆ ‘ಸ್ಟೆಲ್ಲಾ’ ಹೆಸರಿನ ಪುಟ್ಟ ಬರ್ಚ್ ಗಿಟಾರು. ಸ್ಟೆಲ್ಲಾ ಮೊದಲು ಆಸ್ಕರ್ ಷ್ಮಿಟ್ ಕಂಪನಿಯ ಹೆಸರು, 1939ರಲ್ಲಿ ಹಾರ್ಮನಿಯ ಕೈಗೆ ಬಂದದ್ದು. ಹಾಗಾಗಿ ಹೆಸರೊಂದನ್ನೇ ನೋಡಿ ಕಾಲ ಹೇಳಲು ಹೋದರೆ ದಶಕಗಟ್ಟಲೆ ತಪ್ಪಬಹುದು. ಎರಡು ಕಾರ್ಖಾನೆಗಳ ಮಾಲು ಬೇರೆ ಬೇರೆ.

ಅದೇ ಮಾದರಿಯ ಚಿತ್ರಗಳನ್ನು ನೋಡಿದಾಗ ನನ್ನ ಒದ್ದೆ ಬಟ್ಟೆ ನೆನಪಾಯಿತು. ತಲೆಯ ಮೇಲೆ ‘ಸ್ಟೆಲ್ಲಾ’ ಅಂತ, ಜೊತೆಗೆ ಕತ್ತಿಗೆ ಉಕ್ಕಿನ ಬಲ ಕೊಟ್ಟಿದೆ ಎಂಬ ಸಾಲು. ನಾನು ಒರೆಸಿಹಾಕಿದ್ದು ಅದನ್ನೇ.

ಆ ಉಕ್ಕು ತಿರುಗಿಸಿ ಕತ್ತಿನ ಬಾಗು ಸರಿಪಡಿಸುವ ರಾಡ್ ಅಲ್ಲ. ಕತ್ತು ಸ್ವಲ್ಪ ಮುಂದಕ್ಕೆ ವಾಲಿ ತಂತಿ ಎತ್ತರವಾಗಿದೆ. ಸದ್ಯಕ್ಕೆ ತೆಳು ತಂತಿ ಹಾಕಿ, ಒಂದು ಸ್ವರ ಇಳಿಸಿಟ್ಟು, ಮೊದಲ ಐದು ಫ್ರೆಟ್‌ಗಳಲ್ಲೇ (ಕತ್ತಿನ ಮೇಲಿನ ಲೋಹದ ಅಡ್ಡಗೆರೆಗಳು) ನುಡಿಸುತ್ತಿದ್ದೇನೆ.