ಟ್ರ್ಯಾಕಿಗೆ ಸಾದಾ ಟಯರೇ ಸಾಕು ಅನ್ನೋದು ನನಗೆ ಗೊತ್ತಾದದ್ದು

"ಉಲ್ಟಾ ಹಾಕು ಅಂತೀರಲ್ರೀ ಸಾಹೇಬ್ರ, ಒಳಗಿನ ಮಗ್ಗಲು ಇನ್ನಾ ಹೊಸಾದು ಅದ!"

ಕಲಬುರಗಿಯ ಹುಮನಾಬಾದ್ ರಸ್ತೆಯಲ್ಲಿ ನಾನು ಹೋಗುವ ಟಯರ್ ಅಂಗಡಿಯ ಭಾಯಿ, ನನ್ನ ಸ್ವಿಫ್ಟಿನ ಮುಂದಿನ ಎಡಗಡೆ ಟಯರ್ ಉರುಳಿಸಿ ನೋಡಿ ಹೀಗಂದ. ಹೊರಗಿನ ಅಂಚು ತಿಕ್ಕಿ ತಿಕ್ಕಿ ನುಣ್ಣಗಾಗಿತ್ತು. ಒಳಗಿನ ಅಂಚಿನ ಗೀರುಗಳು ಹಾಗೇ ಇದ್ದವು. ಒಳಗಿನದು ಹೊಸದಿದೆ ಅಂತಲೇ ತಿರುಗಿಸಿ ಹಾಕಿಸ್ತೀನಿ ಅಂದೆ. ಅಲೈನ್‌ಮೆಂಟ್ ಹೋಗ್ಯಾದ, ಗಾಲಿ ನೇರಕ್ಕಿಲ್ಲ, ಅದನ್ನ ಮೊದಲು ಮಾಡಿಸ್ರಿ ಅಂತ ಅವನ ಹಟ. ಅಲೈನ್‌ಮೆಂಟ್ ಸರಿಯಾಗೇ ಇತ್ತು. ಆ ಟಯರ್ ಹಾಗಾದದ್ದು ಚೆನ್ನೈನ ರೇಸ್ ಟ್ರ್ಯಾಕಿನಲ್ಲಿ.

ನಾನು ದಾಲ್ ಮಿಲ್ ನಡೆಸುವವನು, ರೇಸರ್ ಅಲ್ಲ. ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈನಲ್ಲಿ 3.7 ಕಿಲೋಮೀಟರಿನ ಸರ್ಕ್ಯೂಟ್ ಇದೆ. ದುಡ್ಡು ಕಟ್ಟಿ ಸ್ವಂತ ಕಾರು ಓಡಿಸುವ ದಿನಗಳಲ್ಲಿ ಅಲ್ಲಿಗೆ ಹೋಗ್ತೀನಿ. ಯಾದಗಿರಿ, ರಾಯಚೂರು, ಕರ್ನೂಲು, ಕಡಪ, ತಿರುಪತಿ ದಾಟಿ ಹೋಗಬೇಕು. ಅಕ್ಟೋಬರ್, ನವೆಂಬರಿನಲ್ಲಿ ಅಲ್ಲಿ ಮಳೆ, ಡಿಸೆಂಬರ್ ಬಂತೆಂದರೆ ಇಲ್ಲಿ ಹೊಸ ತೊಗರಿ. ಹೀಗಾಗಿ ವರ್ಷಕ್ಕೆ ಮೂರು ದಿನ ಸಿಕ್ಕರೆ ಹೆಚ್ಚು. ಹೋಗುವ ಟಯರಲ್ಲೇ ಟ್ರ್ಯಾಕು, ಅದೇ ಟಯರಲ್ಲೇ ವಾಪಸು. ಬೇರೆ ಸೆಟ್ ಹೇರಿಕೊಂಡು ಹೋಗಲು ನನ್ನ ಹತ್ತಿರ ಟೆಂಪೊ ಇಲ್ಲ.

ಮೊದಲ ಸಲ ಮಾಡಿದ ದಡ್ಡತನ ಹೇಳ್ತೀನಿ. ಮುಂದಿನ ಗಾಲಿಗಳೇ ಎಳೆಯುವ ಕಾರು, ಮುಂದೆ ಒಳ್ಳೇ ಟಯರ್ ಇದ್ದರೆ ಸಾಕು ಅಂತ ಎರಡೇ ಹೊಸದು ತಂದು ಮುಂದೆ ಹಾಕಿಸಿದೆ. ಹಿಂದೆ ಐದು ವರ್ಷದ ಹಳೇವು, ಬಿಸಿಲಿಗೆ ಕಲ್ಲಾದವು. ಒಂದು ಉದ್ದನೆಯ ಬಲ ತಿರುವಿನ ನಡುವೆ ವೇಗ ಹೆಚ್ಚಾಯಿತು ಅನಿಸಿ ಆ್ಯಕ್ಸಿಲರೇಟರಿನಿಂದ ಕಾಲು ತೆಗೆದೆ. ಭಾರವೆಲ್ಲ ಮುಂದಕ್ಕೆ ಬಂತು, ಹಗುರಾದ ಹಿಂಭಾಗ ಹೊರಗೆ ಜಾರಿತು. ಕಾರು ಗರ್ರನೆ ತಿರುಗಿ ಹುಲ್ಲಿಗೆ ಹೋಗಿ, ಬಂದ ದಾರಿಗೇ ಮುಖ ಮಾಡಿ ನಿಂತಿತು. ಪುಣ್ಯಕ್ಕೆ ಹಿಂದೆ ಯಾರೂ ಇರಲಿಲ್ಲ. ಅವತ್ತಿನಿಂದ ನಾಲ್ಕೂ ಒಂದೇ ಜಾತಿ, ಒಂದೇ ವಯಸ್ಸು. ಎರಡೇ ಹೊಸದು ಹಾಕೋದು ಅನಿವಾರ್ಯವಾದರೆ ಅವು ಹಿಂದೆ ಹೋಗಬೇಕು. ಊರೊಳಗಿನ ಕಾರಿಗೂ ಅಷ್ಟೇ.

ಎರಡನೇ ಸಲ ದುಡ್ಡು ಸುರಿದೆ. ಮೆದು ರಬ್ಬರಿನ ದುಬಾರಿ ಟಯರ್, ಸಾದಾ ಟಯರಿನ ಎರಡು ಪಟ್ಟು ಬೆಲೆ. ಮೊದಲ ಮೂರು ಸುತ್ತು ಕಾರು ನೆಲಕ್ಕೆ ಅಂಟಿಕೊಂಡಂತಿತ್ತು, ಖುಷಿಯಾಯಿತು. ನಾಲ್ಕನೇ ಸುತ್ತಿಗೆ ರಬ್ಬರ್ ಕಾದು ಎಣ್ಣೆ ಮೆತ್ತಿದ ಹಾಗೆ ಜಾರತೊಡಗಿತು. ನಾನು ತಪ್ಪು ಮಾಡಿದ್ದಕ್ಕೆ ಜಾರಿತೋ, ಟಯರ್ ಕಾದದ್ದಕ್ಕೋ ಗೊತ್ತಾಗದು. ಒಂದೇ ತಿರುವಿಗೆ ಒಮ್ಮೆ ಹೀಗೆ, ಒಮ್ಮೆ ಹಾಗೆ. ಕಲಿಯೋದು ಹೇಗೆ? ಎರಡೇ ಟ್ರಿಪ್ಪಿಗೆ ಆ ಸೆಟ್ಟಿನ ಅಂಚುಗಳು ಹರಿದುಹೋದವು. ಬರುವಾಗ ಕಡಪದ ಆಚೆ ಮಳೆ ಹೊಡೆಯಿತು, ಸವೆದ ಟಯರಿನ ಕೆಳಗೆ ನೀರು ನಿಂತು ಸ್ಟೀರಿಂಗ್ ಹಗುರಾದಾಗ ಕೈ ತಣ್ಣಗಾಗಿದ್ದವು.

ಆಮೇಲೆ ನಾನು ಹುಡುಕಿದ್ದು ಪ್ರತಿ ಸುತ್ತಿಗೂ ಒಂದೇ ಮಾತು ಹೇಳುವ ಟಯರ್. ಕಡಿಮೆ ಹಿಡಿದರೂ ಪರವಾಗಿಲ್ಲ. ಅದು ಸಿಕ್ಕಿದ್ದು ಅಂಗಡಿಯ ಅಗ್ಗದ ಸಾಲಿನಲ್ಲೇ. ಸ್ವಿಫ್ಟಿಗೆ ಕಂಪನಿಯವರೇ ಕೊಟ್ಟ ಅಳತೆ, 185/65 ಆರ್15. ನಾಲ್ಕಕ್ಕೆ 22,000 ರೂಪಾಯಿ ಆಯಿತು.

ಕೊಳ್ಳುವಾಗ ನಾನು ನೋಡಿದ್ದು ಮುಖ್ಯವಾಗಿ ಗೀರಿನ ಚಿತ್ತಾರ. ಕೆಲವು ಟಯರಿನ ಮಗ್ಗಲಲ್ಲಿ ಬಾಣದ ಗುರುತು ಇರುತ್ತೆ, ಅವು ಒಂದೇ ದಿಕ್ಕಿಗೆ ಉರುಳಬೇಕು. ಕೆಲವಕ್ಕೆ ಹೊರಗಿನ ಮಗ್ಗಲು ಯಾವುದು ಅಂತ ಬರೆದಿರುತ್ತೆ, ಅವನ್ನು ರಿಮ್ಮಿನ ಮೇಲೆ ತಿರುಗಿಸುವ ಹಾಗಿಲ್ಲ. ನನಗೆ ಎರಡೂ ಬೇಡ. ಒಳಗೆ ಹೊರಗೆ ಒಂದೇ ರೀತಿಯ ಗೀರಿರುವ ಸಾದಾ ಟಯರಾದರೆ ಎಡದಿಂದ ಬಲಕ್ಕೆ ಹೋಗುತ್ತೆ, ಮುಂದಿನಿಂದ ಹಿಂದಕ್ಕೆ ಹೋಗುತ್ತೆ, ರಿಮ್ಮಿನಿಂದ ಬಿಚ್ಚಿ ಉಲ್ಟಾ ಕೂಡ ಕೂರುತ್ತೆ. ಬಲ ತಿರುವು ಹೆಚ್ಚಿದ್ದ ಕಡೆ ಮುಂದಿನ ಎಡ ಟಯರಿನ ಹೊರ ಅಂಚು ಮೊದಲು ಸಾಯುತ್ತೆ. ಮುಂಗಾಲಿಯ ಮೇಲ್ತುದಿಯನ್ನು ಒಳಕ್ಕೆ ವಾಲಿಸಿದರೆ ಆ ಸವೆತ ಕಡಿಮೆಯಾಗುತ್ತೆ, ಆದರೆ ಸ್ವಿಫ್ಟಿನಲ್ಲಿ ಅದಕ್ಕೆ ಕಂಪನಿ ಏನೂ ಕೊಟ್ಟಿಲ್ಲ. ಹಾಗಾಗಿ ಉಲ್ಟಾ ಮಾಡಿಸಲು ಭಾಯಿಯ ಅಂಗಡಿಯೇ ಗತಿ. ಬಿಚ್ಚಿ ಹಾಕಿದ ಮೇಲೆ ಬ್ಯಾಲೆನ್ಸಿಂಗ್ ಮಾತ್ರ ಬಿಡಬಾರದು.

ಮಗ್ಗಲ ಮೇಲಿನ ಕೊನೆಯ ನಾಲ್ಕು ಅಂಕಿಯನ್ನೂ ಓದ್ತೀನಿ. 2322 ಅಂದರೆ 2022ರ 23ನೇ ವಾರದಲ್ಲಿ ತಯಾರಾದದ್ದು. ಒಮ್ಮೆ ಇನ್ನೊಂದು ಅಂಗಡಿಯಲ್ಲಿ ಒಂದೇ ಸೆಟ್ ಅಂತ ಕೊಟ್ಟ ನಾಲ್ಕರಲ್ಲಿ ಎರಡು ಟಯರ್ ಮೂರು ವರ್ಷ ಹಳೇವಿದ್ದವು. ಸೆಕೆಂಡ್ ಹ್ಯಾಂಡ್ ಅಂತೂ ನಾನು ಮುಟ್ಟಲ್ಲ. ಎಲ್ಲಿ ಹೊಡೆತ ತಿಂದಿದೆಯೋ ಕಣ್ಣಿಗೆ ಕಾಣಲ್ಲ.

ಹೊಸ ಸೆಟ್ ನೇರ ಟ್ರ್ಯಾಕಿಗೆ ಒಯ್ಯಲ್ಲ. ಗೀರು ಆಳವಿದ್ದಾಗ ರಬ್ಬರಿನ ತುಂಡುಗಳು ಓಲಾಡ್ತಾವೆ, ಕಾದು ಕಿತ್ತು ಬರ್ತಾವೆ. ಜೇವರ್ಗಿ, ಸೇಡಂ, ಶಹಾಬಾದ್ ಓಡಾಟದಲ್ಲೇ ಕೆಲವು ಸಾವಿರ ಕಿಲೋಮೀಟರ್ ಸವೆಸಿ, ಐದಾರು ಮಿಲಿಮೀಟರ್ ಉಳಿದಾಗ ಹೋಗ್ತೀನಿ. ಒಣ ಟ್ರ್ಯಾಕಿಗೆ ಅದೇ ಹದ.

ಇನ್ನು ಹವಾ. ಅಂಗಡಿಯ ಮೀಟರ್ ನಂಬಬೇಡಿ, ಸ್ವಂತದ್ದೊಂದು ಗೇಜ್ ಇಟ್ಕೊಳ್ಳಿ. ನನ್ನದು ಬೆಳಿಗ್ಗೆ ತಣ್ಣಗಿರುವಾಗ 30 ಪಿಎಸ್‌ಐ. ಒಳಗಿನ ಗಾಳಿ 25 ಡಿಗ್ರಿಯಿಂದ 65ಕ್ಕೆ ಕಾದರೆ ಅದೇ 36 ಆಗುತ್ತೆ. ಬಿಸಿಲೇರಿದ ಹಾಗೆ 39, 40 ತೋರಿಸಿದರೆ ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸುವ ಪಿಟ್ಟಿಗೆ ಬಂದ ಕೂಡಲೇ ಬಿಸಿಯಲ್ಲೇ ಇಳಿಸಿ 36ಕ್ಕೆ ತರ್ತೀನಿ. ಮಗಳ ಸೀಮೆಸುಣ್ಣ ತಗೊಂಡು ಅಂಚಿನಿಂದ ಮಗ್ಗಲಿನವರೆಗೆ ಅಡ್ಡ ಗೆರೆ ಎಳೀತೀನಿ. ಮಗ್ಗಲಿನ ಪುಟ್ಟ ತ್ರಿಕೋನದ ಗುರುತು ದಾಟಿ ಗೆರೆ ಅಳಿಸಿಹೋಗಿದ್ದರೆ ಹವಾ ಕಡಿಮೆ, ಅಳಿಸಿದ್ದು ಅಂಚನ್ನೇ ತಲುಪದಿದ್ದರೆ ಜಾಸ್ತಿ. ಇದಕ್ಕೆ ಖರ್ಚು ಒಂದು ರೂಪಾಯಿಯೂ ಇಲ್ಲ.

ಸಂಜೆ ತಣ್ಣಗಾದ ಮೇಲೆ ಆ ಹವಾ 27ಕ್ಕೆ ಬಿದ್ದಿರುತ್ತೆ. ತುಂಬಿಸದೆ ಒಮ್ಮೆ ಹೊರಟು ತಿರುಪತಿವರೆಗೆ ಬಂದಿದ್ದೆ, ಮಗ್ಗಲು ಮುಟ್ಟಿದರೆ ಕೈ ಸುಟ್ಟಿತು. ಈಗ ಡ್ಯಾಶ್‌ಬೋರ್ಡ್ ಮೇಲೆ "ಹವಾ" ಅಂತ ಚೀಟಿ ಅಂಟಿಸಿದ್ದೀನಿ.

ಲೆಕ್ಕದ ಪುಸ್ತಕದಲ್ಲಿ ಸಮಯವನ್ನೂ ಬರೀತೀನಿ. ದುಬಾರಿ ಟಯರಿನ ಒಳ್ಳೇ ಸುತ್ತು ಸಾದಾ ಟಯರಿಗಿಂತ ಮೂರು ಸೆಕೆಂಡ್ ಬೇಗ, ಕೆಟ್ಟ ಸುತ್ತು ಎರಡು ಸೆಕೆಂಡ್ ತಡ. ಸಾದಾ ಟಯರಿನ ಆರು ಸುತ್ತಿನ ನಡುವಿನ ವ್ಯತ್ಯಾಸ ಒಂದು ಸೆಕೆಂಡಿನ ಒಳಗೇ. ಬ್ರೇಕ್ ಹತ್ತು ಮೀಟರ್ ತಡವಾಗಿ ಒತ್ತಿದರೆ ಏನಾಯ್ತು ಅನ್ನೋದು ಆಗ ಮಾತ್ರ ಕಾಗದದ ಮೇಲೆ ಕಾಣುತ್ತೆ.

ಈ ಸೆಟ್ ನಾಲ್ಕು ಟ್ರಿಪ್ ಮುಗಿಸಿದೆ. ಮೊನ್ನೆ ಹೋದಾಗ ಭಾಯಿ ತಾನಾಗಿಯೇ ಕೇಳಿದ: "ಈ ಸಲ ಯಾವ್ದು ಉಲ್ಟಾ ಮಾಡ್ಲಿ? ಎಡಕಿಂದೋ, ಬಲಕಿಂದೋ?" ಎಡಕ್ಕಿನದು ಒಮ್ಮೆ ಆಗಿದೆ, ಇನ್ನೊಂದು ಟ್ರಿಪ್ ಆದಮೇಲೆ ಅದು ಹಿಂದಕ್ಕೆ ಹೋಗುತ್ತೆ ಅಂತ ಹೇಳಿ ಬಂದೆ.