ನನ್ನ ರೇಸ್ ಎಸ್ಟೀಮ್ ಮತ್ತೆ ರಸ್ತೆಗಿಳಿಯಿತು

ನನ್ನ ಮಾರುತಿ ಎಸ್ಟೀಮ್ 2004ರದ್ದು. ಬೆಂಗಳೂರಿನಲ್ಲೇ ರಿಜಿಸ್ಟರ್ ಆದದ್ದು. ನಾಲ್ಕು ವರ್ಷ ಮನೆಯ ಕಾರಾಗಿತ್ತು, ಆಮೇಲೆ ರೇಸಿಗೆ ಅಂತ ಬಿಚ್ಚಿದೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ ಅದು ಕೊಟ್ಟ ಖುಷಿಯನ್ನು ಬೇರೆ ಯಾವ ಗಾಡಿಯೂ ನನಗೆ ಕೊಟ್ಟಿಲ್ಲ. ರೇಸ್ ಬಿಟ್ಟ ಮೇಲೆ ಶೆಡ್ಡಿನಲ್ಲಿ ನಿಂತಿತ್ತು. 2019ರಲ್ಲಿ ಆರ್‌ಸಿಯ 15 ವರ್ಷವೂ ಮುಗಿಯಿತು. ಗುಜರಿಗೆ ಹಾಕೋಕೆ ಮನಸ್ಸು ಬರಲೇ ಇಲ್ಲ. 2023ರಲ್ಲಿ ಅದನ್ನು ಮತ್ತೆ ರಸ್ತೆಗಿಳಿಸುವ ಕೆಲಸ ಶುರು ಮಾಡಿದೆ.

ಹಳೆಯ ಕಾರು ಅಂತ ವಿಂಟೇಜ್ ನೋಂದಣಿ ಮಾಡಿಸೋಣ ಅಂದರೆ, ಅದು 50 ವರ್ಷ ದಾಟಿದ ಗಾಡಿಗಳಿಗೆ ಮಾತ್ರ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಹಾಗಾಗಿ ನನಗಿದ್ದ ದಾರಿ ಒಂದೇ. ರೇಸಿಗಾಗಿ ಕಿತ್ತದ್ದನ್ನೆಲ್ಲ ವಾಪಸ್ ಕೂರಿಸಿ, ನವೀಕರಣಕ್ಕೆ ಫಾರಂ 25 ಹಾಕುವುದು.

ದೊಡ್ಡ ತಲೆನೋವು ಎಂಜಿನ್ ನಂಬರ್. ರೇಸಿನಲ್ಲಿ ಎಂಜಿನ್ ಬದಲಾಯಿಸುತ್ತಲೇ ಇರುತ್ತೇವೆ, ಅಲ್ವಾ? ಕಾರಿನಲ್ಲಿ ಕೂತಿದ್ದದ್ದು ಮೂರನೇ ಎಂಜಿನ್. ಅದರ ಬಿಲ್ ನನ್ನ ಹತ್ತಿರ ಇರಲಿಲ್ಲ. ಬಿಲ್ ಇಲ್ಲದ ಎಂಜಿನ್ನನ್ನು ಆರ್‌ಸಿಗೆ ಸೇರಿಸಿ ಅಂತ ಯಾವ ಬಾಯಲ್ಲಿ ಕೇಳಲಿ? ಎರಡು ವಾರ ನಿದ್ದೆ ಬರಲಿಲ್ಲ. ಕೊನೆಗೆ ನನ್ನ ಹಳೆಯ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಮೊದಲ ಎಂಜಿನ್ನಿನ ಬ್ಲಾಕನ್ನು, ಅಂದರೆ ನಂಬರ್ ಇರುವ ಮುಖ್ಯ ಭಾಗವನ್ನು, ಅವರು ಗ್ರೀಸ್ ಬಳಿದು, ಗೋಣಿಚೀಲ ಸುತ್ತಿ ಹಾಗೇ ಇಟ್ಟಿದ್ದರು. ನಂಬರ್ ಮೇಲಿನ ಜಿಡ್ಡು ಒರೆಸಿ ಆರ್‌ಸಿ ಪಕ್ಕ ಹಿಡಿದೆ. ಒಂದೊಂದೇ ಅಂಕಿ ಓದಿದೆ. ಎಲ್ಲವೂ ಹೊಂದಿಕೆಯಾದಾಗ ಕಣ್ಣು ತುಂಬಿ ಬಂತು. ಕಾರನ್ನು ರೇಸಿಗೆ ಬಿಚ್ಚುವವರಿಗೆ ಕೈಮುಗಿದು ಹೇಳುತ್ತೇನೆ, ನಂಬರ್ ಇರುವ ಭಾಗವನ್ನು ಯಾವತ್ತೂ ಮಾರಬೇಡಿ.

ಆ ಎಂಜಿನ್ನಿಗೆ ರೇಸಿನದ್ದು ಬಿಟ್ಟು ಕಂಪನಿಯ ಕ್ಯಾಮ್ ಶಾಫ್ಟನ್ನೇ (ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ದಂಡ) ಹಾಕಿಸಿದೆ. ಆದರೂ ಮೊದಲ ಎಮಿಷನ್ ಟೆಸ್ಟ್ ಫೇಲಾಯಿತು. ನನ್ನದರಂಥ ಬಿಎಸ್-2 (ಆಗಿನ ಹೊಗೆ ಮಾನದಂಡ) ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ, ಅಂದರೆ ನಿಂತಲ್ಲೇ ಎಂಜಿನ್ ಓಡುವಾಗ, ಕಾರ್ಬನ್ ಮೊನಾಕ್ಸೈಡ್ 0.5 ಶೇಕಡಾ ದಾಟಬಾರದು. ನನ್ನದು 1.8 ಇತ್ತು. ರೇಸ್ ಸೈಲೆನ್ಸರ್‌ನಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲವಲ್ಲ! ಹೊಸ ಕನ್ವರ್ಟರ್, ಆಕ್ಸಿಜನ್ ಸೆನ್ಸರ್ ಹಾಕಿದ ಮೇಲೆ 0.3ಕ್ಕೆ ಇಳಿಯಿತು.

ರೋಲ್ ಕೇಜ್ (ಕಾರಿನೊಳಗಿನ ರಕ್ಷಣೆಯ ಪೈಪ್ ಚೌಕಟ್ಟು) ತೆಗೆಯುವಾಗ ಮಾತ್ರ ಸಂಕಟವಾಯಿತು. ಒಮ್ಮೆ ಕಾರು ಮಗುಚಿದಾಗ ನನ್ನನ್ನು ಉಳಿಸಿದ ಕೇಜ್ ಅದು. ಆದರೆ ರೋಡಲ್ಲಿ ನಾವು ಹೆಲ್ಮೆಟ್ ಹಾಕಿಕೊಂಡು ಕೂರುವುದಿಲ್ಲ. ಸಣ್ಣ ಡಿಕ್ಕಿಯಾದರೂ ಬರಿ ತಲೆ ಆ ಕಬ್ಬಿಣದ ಪೈಪಿಗೆ ಬಡಿಯುತ್ತದೆ. ಅದು ಬೋಲ್ಟ್ ಹಾಕಿದ ಕೇಜ್ ಆಗಿದ್ದರಿಂದ ಬಾಡಿ ಕೊಯ್ಯದೆ ಬಿಚ್ಚಲು ಆಯಿತು. ಅಕ್ರಿಲಿಕ್ ಶೀಟ್ ಇದ್ದ ಬಾಗಿಲುಗಳಿಗೆ ಗಾಜು ಬಂತು. ಮಾಮೂಲಿ ಸೀಟ್ ಬೆಲ್ಟ್, ಹ್ಯಾಂಡ್ ಬ್ರೇಕ್, ಹಾರ್ನ್, ಇಂಡಿಕೇಟರ್ ಎಲ್ಲವೂ ವಾಪಸ್ ಬಂದವು. ಆರ್‌ಸಿಯಲ್ಲಿ ಐದು ಸೀಟು ಅಂತ ಇರುವುದರಿಂದ ಹಿಂದಿನ ಸೀಟೂ ಬೇಕು. ಬಣ್ಣವೂ ಅಷ್ಟೇ. ರೇಸಿನ ಕೆಂಪು ಹೋಗಿ ಹಳೆಯ ಸಿಲ್ವರ್ ಬಂತು. ವೈರಿಂಗ್‌ಗೇ ಜಾಸ್ತಿ ದಿನ ಹಿಡಿಯಿತು, ಸುಮಾರು ಒಂದು ತಿಂಗಳು.

ಇನ್ಶೂರೆನ್ಸ್, ಹಳೆಯ ಗಾಡಿಗಳಿಗೆ ಹಾಕುವ ಗ್ರೀನ್ ಟ್ಯಾಕ್ಸ್, 5,000 ರೂಪಾಯಿ ನವೀಕರಣ ಶುಲ್ಕ, ತಡವಾದ ತಿಂಗಳುಗಳ ಲೆಕ್ಕದಲ್ಲಿ ದಂಡ, ಎಲ್ಲ ಕಟ್ಟಿದೆ. ಆರ್‌ಸಿ ಮುಗಿದ ಕಾರನ್ನು ಓಡಿಸುವ ಹಾಗಿಲ್ಲ. ಆರ್‌ಟಿಒಗೆ ಟೋ ಟ್ರಕ್ಕಿನ ಮೇಲೆ ಕೊಂಡೊಯ್ದೆ.

ಅಲ್ಲಿ ಗಾಡಿ ಪರೀಕ್ಷಿಸುವ ಬ್ರೇಕ್ ಇನ್ಸ್‌ಪೆಕ್ಟರ್ ಬಾನೆಟ್ ಎತ್ತಿಸಿದರು. ಚಾಸಿ ನಂಬರ್ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿಸಿದರು. ಆಮೇಲೆ ಎಂಜಿನ್ ನಂಬರ್ ನೋಡಿದರು. ಲೈಟ್, ವೈಪರ್, ಹಾರ್ನ್ ಪರೀಕ್ಷೆ ಆಯಿತು. ಕಾರಿನೊಳಗಿನ ನೆಲದ ಮೇಲೆ ಕೇಜ್ ಕೂತಿದ್ದ ಆರು ಗುರುತು ಕಂಡು "ಇದೇನು?" ಅಂದರು. ಹೇಳಿದೆ. ಇನ್ನೊಮ್ಮೆ ಒಳಗೆಲ್ಲ ನೋಡಿ ಸಹಿ ಹಾಕಿದರು.

ಕೆಲವು ದಿನದ ಮೇಲೆ ಐದು ವರ್ಷದ ಹೊಸ ಆರ್‌ಸಿ ಕೈಗೆ ಬಂತು. ಅವತ್ತು ಸಂಜೆಯೇ ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಸವನಗುಡಿಗೆ ಹೋಗಿ ಬಂದೆ.