ತೈಪೆಯ ದಿಹ್ವಾ ಬೀದಿ: ಚೀನೀ ಹೊಸವರ್ಷದ ಸಂತೆ ಮಾಡುವುದು ಹೇಗೆ?

ತೈವಾನಿಗೆ ಓದಲು ಹೋದ, ಸಿನ್‌ಚುವಿನ ಚಿಪ್ ಕಂಪನಿಗಳಲ್ಲಿ ಕೆಲಸಕ್ಕೆ ಸೇರಿದ ಕನ್ನಡಿಗರಿಗೆ ಒಂದಲ್ಲ ಒಂದು ವರ್ಷ ಅಲ್ಲಿನ ಗೆಳೆಯರ ಮನೆಯಿಂದ ಹೊಸವರ್ಷದ ಊಟಕ್ಕೆ ಕರೆ ಬರುತ್ತದೆ. ಬರಿಗೈಯಲ್ಲಿ ಹೋಗುವುದು ನಮಗೂ ಒಗ್ಗದು, ಅವರಿಗೂ ಒಗ್ಗದು. ಏನು ಕೊಂಡೊಯ್ಯಲಿ ಎಂದು ಯಾರನ್ನು ಕೇಳಿದರೂ ತೋರಿಸುವ ದಾರಿ ಒಂದೇ: ತೈಪೆಯ ದಿಹ್ವಾ ಬೀದಿ.

ಮೊದಲ ಸಲ ಹೋದಾಗ ನಾನು ಕಣ್ಣಿಗೆ ಚೆಂದ ಕಂಡದ್ದನ್ನೆಲ್ಲ ಕೊಂಡೆ. ಗೆಳತಿಯ ಮನೆಯ ಅಜ್ಜಿ ಎಲ್ಲವನ್ನೂ ಪ್ರೀತಿಯಿಂದಲೇ ತೆಗೆದುಕೊಂಡರು. ಆದರೆ ಅವರ ಮುಖ ಅರಳಿದ್ದು ಚೀಲದ ತಳದಲ್ಲಿದ್ದ ಅನಾನಸ್ ಕೇಕಿನ ಪುಟ್ಟ ಪೊಟ್ಟಣ ಕಂಡಾಗ. ಅನಾನಸ್‌ಗೆ ಅವರ ತೈವಾನೀ ನುಡಿಯಲ್ಲಿ ‘ಒಂಗ್‌ಲಾಯ್’ ಎನ್ನುತ್ತಾರೆ. ‘ಏಳಿಗೆ ಬರಲಿ’ ಎಂದರೂ ಅದೇ ಉಚ್ಚಾರ. ಈ ಸಂತೆಯಲ್ಲಿ ಪದಾರ್ಥಕ್ಕಿಂತ ಮೊದಲು ಅದರ ಹೆಸರನ್ನು ಕೊಳ್ಳಬೇಕು ಎಂಬುದು ನನಗೆ ಅಂದು ತಿಳಿಯಿತು.

ಮೊದಲು ದಿನ ಗೊತ್ತು ಮಾಡಿಕೊಳ್ಳಿ

ಚೀನೀ ಹೊಸವರ್ಷ ಜನವರಿ 21ರಿಂದ ಫೆಬ್ರವರಿ 20ರ ನಡುವೆ ಬರುತ್ತದೆ. ಅದು ಚಂದ್ರಮಾನದ ಹಬ್ಬವಾದ್ದರಿಂದ ನಮ್ಮ ಪಂಚಾಂಗದಲ್ಲೂ ಹುಡುಕಬಹುದು: ಪುಷ್ಯ ಇಲ್ಲವೇ ಮಾಘದ ಅಮಾವಾಸ್ಯೆಯ ಆಸುಪಾಸು. 2026ರಲ್ಲಿ ಫೆಬ್ರವರಿ 17, 2027ರಲ್ಲಿ ಫೆಬ್ರವರಿ 6. ಅದಕ್ಕೆ ಎರಡು ವಾರ ಇರುವಾಗ ದಿಹ್ವಾ ಬೀದಿಯಲ್ಲಿ ಹಬ್ಬದ ಸಂತೆ ಕಟ್ಟುತ್ತದೆ. ಈಗಿನ ರೂಪದ ಸಂತೆ ಶುರುವಾದದ್ದು 1996ರಲ್ಲಿ. ಬೀದಿಯ ದಿನಸಿ ವ್ಯಾಪಾರ ಅದಕ್ಕಿಂತ ಬಹಳ ಹಳೆಯದು. 19ನೇ ಶತಮಾನದಲ್ಲಿ ತಾಮ್‌ಸುಯ್ ನದಿಯ ಮೇಲೆ ಚಹಾ ಸಾಗಿಸುತ್ತಿದ್ದ ದಾದಾವ್‌ಚಂಗ್ ಪೇಟೆ ಇದೇ. ಒಣ ಸಾಮಾನು, ಗಿಡಮೂಲಿಕೆ ಔಷಧ, ಬಟ್ಟೆ ಈ ಮೂರೂ ಇಂದಿಗೂ ಇಲ್ಲಿ ಪಕ್ಕಪಕ್ಕದಲ್ಲೇ ಮಾರಾಟವಾಗುತ್ತವೆ.

ವಾರದ ನಡುವಿನ ದಿನ, ಬೆಳಿಗ್ಗೆಯೇ ಹೋಗಿ. ಶನಿವಾರ, ಭಾನುವಾರ ಸಂಜೆ ನಡೆಯಲೂ ಜಾಗವಿರದು. ಮೆಟ್ರೋದಲ್ಲಿ ಬೈಮನ್ ನಿಲ್ದಾಣದಲ್ಲಿ ಇಳಿದರೆ ಮುಂದಿನದು ಕಾಲ್ನಡಿಗೆಯ ದಾರಿ. ನಗದು ಇರಲಿ, ಗಟ್ಟಿ ಬಟ್ಟೆಯ ಚೀಲ ಎರಡಿರಲಿ.

ತೂಕದ ಲೆಕ್ಕ ಬಾಯಿಪಾಠವಾಗಲಿ

ಇಲ್ಲಿ ಎಡವುವವರೇ ಹೆಚ್ಚು. ಬೆಲೆಯ ಹಲಗೆಯಲ್ಲಿ ಕಿಲೋ ಇರುವುದು ಅಪರೂಪ. ಇರುವುದು ‘ಜಿನ್’ ಮತ್ತು ‘ಲಿಯಾಂಗ್’. ತೈವಾನಿನ ಒಂದು ಜಿನ್ ಎಂದರೆ 600 ಗ್ರಾಂ. ಅದರಲ್ಲಿ 16 ಲಿಯಾಂಗ್. ಒಂದು ಲಿಯಾಂಗ್ 37.5 ಗ್ರಾಂ. ಸೇರಿಗೆ 16 ಛಟಾಕು ಎಂದು ಎಣಿಸುತ್ತಿದ್ದ ನಮ್ಮ ಹಿರಿಯರಿಗೆ ಇದು ಸುಲಭವಾಗಿ ಹಿಡಿಸುತ್ತಿತ್ತು. ಚೀನಾದಲ್ಲಿ ಇದ್ದು ಬಂದವರು ಮಾತ್ರ ಎಚ್ಚರ ವಹಿಸಬೇಕು, ಅಲ್ಲಿನ ಜಿನ್ 500 ಗ್ರಾಂ.

ಅಗ್ಗದ ಸಾಮಾನಿಗೆ ಜಿನ್ ಲೆಕ್ಕದ ಬೆಲೆ, ದುಬಾರಿ ಸಾಮಾನಿಗೆ ಲಿಯಾಂಗ್ ಲೆಕ್ಕದ ಬೆಲೆ ಬರೆದಿರುತ್ತಾರೆ. ಎರಡು ಡಬ್ಬಿಗಳ ಮೇಲೆ ಒಂದೇ ಅಂಕಿ ಇದ್ದರೂ ಬೆಲೆ ಹದಿನಾರು ಪಟ್ಟು ಬೇರೆ ಇರಬಹುದು. ಒಂದು ಮಳಿಗೆಯಲ್ಲಿ ನಾನು ಇದನ್ನು ನೋಡದೆ ‘ಸ್ವಲ್ಪ ಸ್ವಲ್ಪ ಎಲ್ಲ ಹಾಕಿ’ ಎಂದು ಒಣಹಣ್ಣುಗಳತ್ತ ಕೈ ತೋರಿಸಿದೆ. ಮಾರುವಾತ ದೊಡ್ಡ ಸೌಟಿನಲ್ಲಿ ಬಗೆಬಗೆಯದನ್ನು ಒಂದೇ ಚೀಲಕ್ಕೆ ಸುರಿದು ಬಾಯಿ ಕಟ್ಟಿಬಿಟ್ಟ. ಹೇಳಿದ ಮೊತ್ತ ಕೇಳಿ ಎದೆ ಧಸಕ್ಕೆಂದಿತು, ಬೆರೆಸಿದ್ದನ್ನು ಹಿಂದಿರುಗಿಸುವಂತೆಯೂ ಇರಲಿಲ್ಲ. ಅಂದಿನಿಂದ ನನ್ನ ಪದ್ಧತಿ ಹೀಗಿದೆ: ಸೌಟು ಡಬ್ಬಿಗೆ ಇಳಿಯುವ ಮೊದಲೇ ‘ಬಾನ್ ಜಿನ್’, ಅಂದರೆ ಅರ್ಧ ಜಿನ್, ಎಂದು ಹೇಳುತ್ತೇನೆ. ಇಲ್ಲವೇ ‘ಯೀ ಬಾಯ್ ಖ್ವಾಯ್’ ಎಂದು ನೂರು ತೈವಾನ್ ಡಾಲರಿನಷ್ಟು ಮಾತ್ರ ಕೇಳುತ್ತೇನೆ. ತಕ್ಕಡಿಯ ಅಂಕಿ ನೋಡಿಯೇ ಮುಂದಿನ ಸಾಮಾನಿಗೆ ಹೋಗುತ್ತೇನೆ. ಬೆಲೆ ಕೇಳಲು ‘ದುವೊ ಶಾವ್ ಚ್ಯಾನ್?’ ಎಂದರೆ ಸಾಕು.

ಚೌಕಾಸಿ ಇಲ್ಲಿ ಹೆಚ್ಚು ನಡೆಯುವುದಿಲ್ಲ. ಮೂರು ನಾಲ್ಕು ಸಾಮಾನು ಒಂದೇ ಅಂಗಡಿಯಲ್ಲಿ ಕೊಂಡಾಗ ಚಿಲ್ಲರೆ ಬಿಡುತ್ತಾರೆ, ಒಂದು ಹಿಡಿ ಕೊಸರು ಹಾಕುತ್ತಾರೆ. ರುಚಿ ನೋಡಲು ಕೊಡುವುದಂತೂ ಅನೇಕ ಮಳಿಗೆಗಳಲ್ಲಿ ಉಂಟು. ತಿಂದರೆ ಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ. ಸಂಕೋಚಪಡದೆ ಕೈ ಒಡ್ಡಿ.

ಏನು ಕೊಳ್ಳಬೇಕು

ಸಿಹಿಯಿಂದ ಶುರು ಮಾಡಿ. ಹನ್ನೆರಡನೇ ಚಾಂದ್ರಮಾಸದ 24ನೇ ದಿನ ತೈವಾನಿನ ಮನೆಗಳಲ್ಲಿ ಒಲೆಯ ದೇವರನ್ನು ಸ್ವರ್ಗಕ್ಕೆ ಬೀಳ್ಕೊಡುತ್ತಾರೆ. ಅವನು ಮೇಲೆ ಹೋಗಿ ಮನೆಯವರ ವರ್ಷದ ನಡತೆಯನ್ನು ವರದಿ ಮಾಡುತ್ತಾನೆಂಬ ನಂಬಿಕೆ. ಒಳ್ಳೆಯ ಮಾತನ್ನೇ ಆಡಲಿ ಎಂದು ಅವನಿಗೆ ಅಂಟುವ ಸಿಹಿ ಇಡುತ್ತಾರೆ. ಸಂಕ್ರಾಂತಿಯ ಎಳ್ಳುಬೆಲ್ಲ ಹಂಚಿ ಕೆಲವೇ ವಾರ ಕಳೆದಿರುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ನೆಲಗಡಲೆಯ ಮಿಠಾಯಿ ನಮ್ಮ ಚಿಕ್ಕಿಯ ಒಡಹುಟ್ಟಿದಂತಿದೆ. ಅರಳಿಸಿದ ಅಕ್ಕಿಯನ್ನು ಪಾಕದಲ್ಲಿ ಕಟ್ಟಿದ ‘ಬೀಫಾಂಗ್’ ಮಂಡಕ್ಕಿ ಉಂಡೆಯನ್ನು ನೆನಪಿಸುತ್ತದೆ. ನೆಲಗಡಲೆಗೆ ಅಲ್ಲಿ ‘ದೀರ್ಘಾಯುಸ್ಸಿನ ಕಾಯಿ’ ಎಂಬ ಹೆಸರೂ ಇದೆ, ಪಿಸ್ತಾಕ್ಕೆ ‘ಸಂತೋಷದ ಕಾಯಿ’. ಜೊತೆಗೆ ಕಲ್ಲಂಗಡಿ ಬೀಜ ಇರಲೇಬೇಕು. ಹಬ್ಬದ ಹರಟೆ ಸಾಗುವುದೇ ಅದನ್ನು ಹಲ್ಲಲ್ಲಿ ಬಿಡಿಸುತ್ತ.

ಅಂಟಕ್ಕಿಯ ಕಡುಬಿನಂಥ ‘ನ್ಯೆನ್‌ಗಾವ್’ ಎಂಬ ಹೆಸರಿನಲ್ಲಿ ‘ವರ್ಷ ವರ್ಷವೂ ಎತ್ತರಕ್ಕೆ’ ಎಂಬ ಹಾರೈಕೆ ಇದೆ. ಹಬೆಯಲ್ಲಿ ಬೇಯಿಸುವ ‘ಫಾಗಾವ್’ ಉಬ್ಬಿ, ನೆತ್ತಿ ಚೆನ್ನಾಗಿ ಬಿರಿದಿದ್ದಷ್ಟೂ ಶುಭ. ನಯವಾಗಿ ಕಂಡದ್ದನ್ನು ಆರಿಸಬೇಡಿ, ಬಿರುಕು ಬಿಟ್ಟದ್ದನ್ನೇ ಕೊಳ್ಳಿ.

ಮನೆಯ ಹಿರಿಯರಿಗೆ ಘನವಾದದ್ದೇನಾದರೂ ಕೊಡಬೇಕೆಂದರೆ ಒಣ ಶಿಟಾಕೆ ಅಣಬೆಯಷ್ಟು ಒಳ್ಳೆಯದು ಮತ್ತೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಕೊಡೆ ದಪ್ಪಗಿರಬೇಕು, ಅಂಚು ಒಳಕ್ಕೆ ಮಡಿಸಿಕೊಂಡಿರಬೇಕು, ಕೆಳಗಿನ ಪದರಗಳು ತಿಳಿ ಹಳದಿಯಾಗಿರಬೇಕು, ಕಪ್ಪಾಗಿದ್ದರೆ ಹಳೆಯದು. ಮುಗ್ಗಲು ವಾಸನೆ ಬಂದರೆ ಮುಟ್ಟಬೇಡಿ. ಕೊಡೆಯ ಮೇಲೆ ಬಿಳಿ ಬಿರುಕುಗಳ ಚಿತ್ತಾರವಿದ್ದರೆ ಅದು ‘ಹೂ ಅಣಬೆ’, ಬೆಲೆ ಹೆಚ್ಚು. ಚಳಿ, ಒಣ ಹವೆಯಲ್ಲಿ ನಿಧಾನವಾಗಿ ಬೆಳೆದಾಗ ಮೇಲ್ಪದರ ಹಾಗೆ ಸೀಳುತ್ತದೆ. ಎಲ್ಲಿಯ ಬೆಳೆ ಎಂದೂ ಕೇಳಿ. ತೈವಾನಿನದಾದರೆ ತೈಚುಂಗಿನ ಸಿನ್‌ಶ ಅಣಬೆಗೆ ಹೆಸರಾದ ಊರು.

ಸಸ್ಯಾಹಾರಿಗಳಿಗೆ

ನಮ್ಮವರಿಗೆ ತೈವಾನಿನಷ್ಟು ಅನುಕೂಲದ ದೇಶ ಆ ಭಾಗದಲ್ಲಿ ಕಡಿಮೆ. ಬೌದ್ಧ ಸಸ್ಯಾಹಾರ ಅಲ್ಲಿ ಆಳವಾಗಿ ಬೇರೂರಿದೆ. ‘ಸು’ (素) ಎಂಬ ಅಕ್ಷರವೇ ಅದರ ಗುರುತು. ಅದನ್ನು ಮೊಬೈಲಿನಲ್ಲಿ ಚಿತ್ರವಾಗಿ ಉಳಿಸಿಕೊಳ್ಳಿ. ಪೊಟ್ಟಣದ ಮೇಲೆ ಐದು ಬಗೆ ಕಾಣಬಹುದು: ಶುದ್ಧ ಸಸ್ಯಾಹಾರ, ಮೊಟ್ಟೆ ಇರುವುದು, ಹಾಲು ಇರುವುದು, ಎರಡೂ ಇರುವುದು, ಈರುಳ್ಳಿ ಬೆಳ್ಳುಳ್ಳಿ ಜಾತಿ ಇರುವುದು. ಈರುಳ್ಳಿ, ಬೆಳ್ಳುಳ್ಳಿ ತಿನ್ನದ ಮನೆಯವರಿಗೆ ಹೀಗೆ ಬೇರೆಯಾಗಿ ಬರೆದಿರುವುದನ್ನು ನೋಡಿ ಎಷ್ಟು ನೆಮ್ಮದಿಯಾಗುತ್ತದೆಂದು ನನಗೆ ಗೊತ್ತು.

ಬಿಡಿ ಸಾಮಾನಿನಲ್ಲಿ ಎಚ್ಚರವಿರಲಿ. ಖಾರದ ನೆಲಗಡಲೆಯಲ್ಲಿ ಸಣ್ಣ ಒಣಮೀನು ಬೆರೆತಿರಬಹುದು. ಮೂಲಂಗಿ ಕೇಕಿನಲ್ಲಿ ಒಣ ಸಿಗಡಿ, ಬೇಕರಿಯ ತಿನಿಸಿನಲ್ಲಿ ಹಂದಿಯ ಕೊಬ್ಬು, ‘ನೂಗಾ’ ಎಂಬ ಹಾಲಿನ ಮಿಠಾಯಿಯಲ್ಲಿ ಮೊಟ್ಟೆಯ ಬಿಳಿ, ಮೆತ್ತನೆಯ ಹಣ್ಣಿನ ಮಿಠಾಯಿಯಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್. ‘ವೊ ಚ್ರ್ ಸು’, ನಾನು ಸಸ್ಯಾಹಾರಿ ಎಂದರೆ ಮಾರುವವರೇ ಬೇಡವಾದುದನ್ನು ಪಕ್ಕಕ್ಕೆ ಸರಿಸುತ್ತಾರೆ.

ಕೆಂಪು ಕಾಗದ

ಬೀದಿಯಲ್ಲಿ ಕುಂಚ ಹಿಡಿದು ಕುಳಿತವರು ಬಾಗಿಲಿಗೆ ಅಂಟಿಸುವ ದ್ವಿಪದಿಗಳನ್ನು ನಿಮ್ಮೆದುರೇ ಬರೆದುಕೊಡುತ್ತಾರೆ. ಅಚ್ಚು ಹಾಕಿದ್ದಕ್ಕಿಂತ ಇದನ್ನೇ ಕೊಳ್ಳಿ. ಮಸಿ ಒಣಗುವವರೆಗೆ ಕಾಯುವುದು ವ್ಯರ್ಥವಲ್ಲ. ಬಾಗಿಲಿಗೆ ಎದುರಾಗಿ ನಿಂತಾಗ ಮೊದಲ ಸಾಲು ಬಲಕ್ಕೆ, ಎರಡನೆಯದು ಎಡಕ್ಕೆ. ಯಾವುದು ಬಲದ್ದೆಂದು ಬರೆದವರಿಂದಲೇ ಹಿಂಬದಿಯಲ್ಲಿ ಪೆನ್ಸಿಲ್ ಗುರುತು ಹಾಕಿಸಿಕೊಳ್ಳಿ. ‘ತುಂಬಿರಲಿ’ ಎಂಬ ಅರ್ಥದ ‘ಮಾನ್’ ಅಕ್ಷರ ಅಕ್ಕಿಯ ಡಬ್ಬಿಗೆ. ಆದರೆ ಸಾವಾದ ಮನೆಯಲ್ಲಿ ಆ ವರ್ಷ ಕೆಂಪು ಅಂಟಿಸುವುದಿಲ್ಲ, ನಮ್ಮಲ್ಲಿ ಹಬ್ಬ ಮಾಡದಿರುವಂತೆ. ಕೊಳ್ಳುವ ಮೊದಲೇ ಗೆಳೆಯರಲ್ಲಿ ಮೆಲ್ಲಗೆ ವಿಚಾರಿಸಿ.

ಮಕ್ಕಳಿಗೆ ಹಣ ಕೊಡಲು ಕೆಂಪು ಲಕೋಟೆ ಬೇಕು. ಹೊಸ ನೋಟು ಹಾಕಿ. ನೂರರ ನೋಟು ಕೆಂಪು ಬಣ್ಣದ್ದೇ ಇದೆ. ಮೊತ್ತ ಸಮಸಂಖ್ಯೆಯಲ್ಲಿರಲಿ, ನಾಲ್ಕು ಮಾತ್ರ ಎಲ್ಲೂ ಬರದಿರಲಿ. ಆ ಅಂಕಿಯ ಉಚ್ಚಾರ ಸಾವಿನ ಪದಕ್ಕೆ ಹತ್ತಿರ. ಇದೇ ಕಾರಣಕ್ಕೆ ಗೋಡೆ ಗಡಿಯಾರವನ್ನು ಉಡುಗೊರೆಯಾಗಿ ಒಯ್ಯಬೇಡಿ. ‘ಗಡಿಯಾರ ಕೊಡುವುದು’ ಎಂಬ ಮಾತು ಅಂತಿಮ ಸಂಸ್ಕಾರಕ್ಕೆ ಹೋಗುವ ಮಾತಿನಂತೆಯೇ ಕೇಳಿಸುತ್ತದೆ.

ಸಾಮಾನನ್ನು ಮನೆಗೆ ತಂದು ಎರಡೆರಡಾಗಿ ಜೋಡಿಸಿ, ಅನಾನಸ್ ಕೇಕನ್ನು ಎಲ್ಲಕ್ಕಿಂತ ಮೇಲಿಡಿ. ಗೆಳೆಯರ ಬಾಗಿಲಲ್ಲಿ ‘ಶಿನ್ ನ್ಯೆನ್ ಖ್ವಾಯ್ ಲ’, ಅಂದರೆ ಹೊಸವರ್ಷದ ಶುಭಾಶಯ, ಎಂದು ಎರಡೂ ಕೈಯಲ್ಲಿ ಚೀಲ ನೀಡಿ. ‘ಅಯ್ಯೋ, ಇದೆಲ್ಲ ಯಾಕೆ’ ಎಂದು ಒಂದೆರಡು ಸಲ ಬೇಡವೆನ್ನುತ್ತಾರೆ; ಮತ್ತೆ ನೀಡಿ. ನಿಮ್ಮೆದುರು ಬಿಚ್ಚದೆ ಪಕ್ಕಕ್ಕಿಟ್ಟರೆ ಬೇಸರಿಸಬೇಡಿ, ಅದು ಅಲ್ಲಿನ ಮರ್ಯಾದೆ.